ಉಣಗೋಲಿಲ್ಲದ ಕಡತಗಳು

ಮಲೆನಾಡಿನ ಸಂಘಟನೆಗಳ ಕಾಗದಪತ್ರಗಳು ಒಂದು ಕಾಲಕ್ಕೆ ಯಾರದಾದರೂ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಆಷಾಢದ ಮಳೆಗೆ ಅವುಗಳಿಗೆ ಬೂಷ್ಟು ಹಿಡಿಯುತ್ತಿತ್ತು, ಗೆದ್ದಲು ತನ್ನ ಪಾಲನ್ನು ತಿನ್ನುತ್ತಿತ್ತು. ಆದರೆ ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇದೆ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು. ಇಂದು ಆ ಕಾಗದಪತ್ರಗಳ ಬಹುಪಾಲು ಗೂಗಲ್ ಡ್ರೈವ್‌ನಲ್ಲಿಯೋ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿಯೋ ಇವೆ. ಗೆದ್ದಲಿನ ಭಯ ತಪ್ಪಿದೆ. ಕೀಲಿಕೈ ಯಾರ ಬಳಿ ಇದೆ ಎಂಬ ಪ್ರಶ್ನೆಗೆ ಮಾತ್ರ ಹಲವು ಸಂಘಟನೆಗಳಲ್ಲಿ ಉತ್ತರವಿಲ್ಲ.

ಈ ಕಡತಗಳಲ್ಲಿ ಏನೇನಿದೆ ಎಂಬುದನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಹೊಳೆದಂಡೆಯ ಅಪ್ಪೆಮಿಡಿ ಮರಗಳ ಸ್ಥಳಸೂಚಿ, ಅಕ್ಷಾಂಶ ರೇಖಾಂಶ ಸಹಿತವಾಗಿ. ಮರದ ಅರಿಶಿನ, ಏಕನಾಯಕ, ರಾಮಪತ್ರೆಗಳು ಯಾವ ಕಾನಿನ ಯಾವ ಮೂಲೆಯಲ್ಲಿ ಉಳಿದಿವೆ ಎಂಬ ಟಿಪ್ಪಣಿ. ನಾಟಿವೈದ್ಯರು ಹೇಳಿದ ಮದ್ದುಗಳ ವಿವರ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಲ್ಲಿಸಿದ ಅರ್ಜಿಗಳು, ಅವುಗಳ ಜೊತೆಗೆ ಆಧಾರ್ ಪ್ರತಿ, ಪಡಿತರ ಚೀಟಿ, ಪಹಣಿ, ಸಾಗುವಳಿಯ ನಕ್ಷೆ. ಯಾವುದೋ ಯೋಜನೆಯ ವಿರುದ್ಧ ಸಹಿ ಮಾಡಿದವರ ಹೆಸರು, ಊರು, ಫೋನ್ ಸಂಖ್ಯೆ. ಇಷ್ಟನ್ನೂ ಒಂದು ಲಿಂಕಿನ ಹಿಂದೆ ಇಟ್ಟು, ಆ ಲಿಂಕನ್ನು ಇನ್ನೂರು ಮುನ್ನೂರು ಜನರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಲಸ ಮುಗಿಯಿತೆಂದು ನಿಟ್ಟುಸಿರು ಬಿಡುವುದು ಈಗಿನ ರೂಢಿ.

ಲಿಂಕ್ ಎಂಬುದು ಕಡತದ ವಿಳಾಸ. ವಿಳಾಸ ತಿಳಿದಿರುವುದಕ್ಕೂ ಒಳಗೆ ಬರಲು ಅನುಮತಿ ಇರುವುದಕ್ಕೂ ಇರುವ ವ್ಯತ್ಯಾಸವನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೇಲಿಯ ನಡುವೆ ಉಣಗೋಲು ಇರುವುದೇ ಅದಕ್ಕಾಗಿ. ದಾರಿ ಎಲ್ಲರಿಗೂ ಗೊತ್ತು. ಗಳ ಸರಿಸಿ ಒಳಗೆ ಬರುವವರು ಯಾರೆಂಬುದು ಮನೆಯವರಿಗೆ ಗೊತ್ತು. ಗೂಗಲ್ ಡ್ರೈವ್‌ನಲ್ಲಿ ಹೊಸದಾಗಿ ಮಾಡಿದ ಕಡತವೊಂದು ಮೊದಲಿಗೆ ‘ರಿಸ್ಟ್ರಿಕ್ಟೆಡ್’ ಸ್ಥಿತಿಯಲ್ಲಿರುತ್ತದೆ. ಅಂದರೆ ಒಡೆಯರು ಯಾರ ಇ-ಮೇಲ್ ವಿಳಾಸವನ್ನು ಸೇರಿಸಿದ್ದಾರೋ ಅವರಿಗೆ ಮಾತ್ರ ತೆರೆಯುತ್ತದೆ. ಉಳಿದವರ ಕೈಗೆ ಲಿಂಕ್ ಸಿಕ್ಕರೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ‘ಎನಿಒನ್ ವಿತ್ ದ ಲಿಂಕ್’ ಎಂದು ಬದಲಿಸಿದೊಡನೆ ಉಣಗೋಲು ತೆಗೆದಿಟ್ಟಂತೆ. ಆಮೇಲೆ ಬಂದವರು ಯಾರು ಎಂದು ಯಂತ್ರ ಕೇಳುವುದಿಲ್ಲ. ಖಾತೆ ಬೇಡ, ಹೆಸರು ಬೇಡ. ಲಿಂಕ್ ಇದ್ದರೆ ಸಾಕು. ಲಿಂಕ್ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಂದು ಗುಂಪಿಗೆ ಹೋಗಲು ಒಂದು ಬೆರಳಿನ ಕೆಲಸ.

ಯಾರು ಬರಬಹುದು ಎಂಬುದು ಒಂದು ಪ್ರಶ್ನೆ. ಬಂದವರು ಏನು ಮಾಡಬಹುದು ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ತೊಂದರೆ. ಉತ್ತರ ಕನ್ನಡದ ಸೊಪ್ಪಿನಬೆಟ್ಟದ ವ್ಯವಸ್ಥೆಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಲ್ಲಿ ತೋಟಿಗರಿಗೆ ಸೊಪ್ಪು, ದರಕು ತರುವ ಹಕ್ಕಿದೆ. ಮನಬಂದಂತೆ ಮರ ಕಡಿಯುವ ಹಕ್ಕಿಲ್ಲ. ನೆಲದ ಒಡೆತನವಂತೂ ಇಲ್ಲವೇ ಇಲ್ಲ. ಹಾಗೆಯೇ ಡ್ರೈವ್‌ನಲ್ಲಿ ‘ವ್ಯೂವರ್’ ಆದವರು ಓದಬಹುದು, ‘ಕಮೆಂಟರ್’ ಆದವರು ಬದಿಯಲ್ಲಿ ಟಿಪ್ಪಣಿ ಬರೆಯಬಹುದು, ‘ಎಡಿಟರ್’ ಆದವರು ತಿದ್ದಬಹುದು, ಅಳಿಸಲೂಬಹುದು. ಇನ್ನೂ ಒಂದು ಮಾತಿದೆ, ಇದನ್ನು ಅನೇಕರು ಗಮನಿಸಿಲ್ಲ: ಒಡೆಯರು ಬೇರೆ ಬಗೆಯಲ್ಲಿ ಗುರುತು ಹಾಕದ ಹೊರತು ಎಡಿಟರ್ ಆದವರು ತಾವೇ ಇತರರನ್ನು ಒಳಗೆ ಸೇರಿಸಬಹುದು, ಕಡತದ ಅನುಮತಿಯನ್ನೇ ಬದಲಿಸಬಹುದು. ಸೊಪ್ಪು ಕೊಯ್ಯಲು ಬಂದವರು ಬೆಟ್ಟವನ್ನೇ ಬೇರೊಬ್ಬರಿಗೆ ಗೇಣಿಗೆ ಕೊಟ್ಟಂತೆ ಇದು. ಹಂಚಿಕೆಯ ಕಿಟಕಿಯಲ್ಲಿರುವ ಹಲ್ಲುಚಕ್ರದ ಗುರುತನ್ನು ಒತ್ತಿ ಆ ಅವಕಾಶವನ್ನು ತೆಗೆದುಹಾಕಲು ಸಾಧ್ಯ. ಓದುಗರಾಗಿ ಬಂದವರು ಇಳಿಸಿಕೊಳ್ಳದಂತೆ, ಮುದ್ರಿಸದಂತೆ ತಡೆಯಲೂ ಅಲ್ಲಿಯೇ ಅವಕಾಶವಿದೆ, ಆದರೆ ಫೋನಿನ ಪರದೆಯನ್ನು ಚಿತ್ರವಾಗಿ ತೆಗೆದುಕೊಳ್ಳುವುದನ್ನು ಯಾವ ಗುರುತೂ ತಡೆಯಲಾರದು.

ಮೈಕ್ರೋಸಾಫ್ಟ್‌ನ ಕಚೇರಿ ಖಾತೆಗಳಲ್ಲಿ ಕ್ರಮ ಸ್ವಲ್ಪ ಬೇರೆ. ಗೂಗಲ್‌ನಲ್ಲಿ ಕಡತಕ್ಕೆ ಒಂದೇ ವಿಳಾಸ. ಅನುಮತಿ ಕಡತಕ್ಕೆ ಅಂಟಿಕೊಂಡಿರುತ್ತದೆ. ಒನ್‌ಡ್ರೈವ್, ಶೇರ್‌ಪಾಯಿಂಟ್‌ಗಳಲ್ಲಿ ಒಂದೇ ಕಡತಕ್ಕೆ ಹಲವು ಲಿಂಕುಗಳು ಹುಟ್ಟಬಹುದು, ಪ್ರತಿಯೊಂದೂ ತನ್ನದೇ ಅನುಮತಿಯನ್ನು ಹೊತ್ತು ತಿರುಗುತ್ತದೆ. ಓದಲು ಕೊಟ್ಟ ಲಿಂಕನ್ನು ರದ್ದುಮಾಡಿದರೆ ತಿದ್ದಲು ಕೊಟ್ಟ ಲಿಂಕ್ ರದ್ದಾಗುವುದಿಲ್ಲ. ‘ಮ್ಯಾನೇಜ್ ಆಕ್ಸೆಸ್’ ಎಂಬಲ್ಲಿಗೆ ಹೋಗಿ ಒಂದೊಂದನ್ನೂ ನೋಡಬೇಕು. ಅಲ್ಲಿ ‘ಸಂಸ್ಥೆಯೊಳಗಿನವರು’ ಎಂಬ ಆಯ್ಕೆಯೂ ಇರುತ್ತದೆ. ಗೂಗಲ್‌ನ ಕಚೇರಿ ಮತ್ತು ಕಾಲೇಜು ಖಾತೆಗಳಲ್ಲೂ ಇಂಥದೇ ಒಂದು ಇದೆ. ಈ ಮಾತು ಕೇಳಲು ಹಿತವಾಗಿದೆ, ಮನೆಯವರು ಎಂಬಂತೆ. ಆದರೆ ಕಾಲೇಜಿನ ಖಾತೆಯಿಂದ ಹಂಚುವ ವಿದ್ಯಾರ್ಥಿಗೆ ‘ಸಂಸ್ಥೆ’ ಎಂದರೆ ತನ್ನ ಅಧ್ಯಯನ ತಂಡದ ಆರು ಜನರಲ್ಲ. ಆ ಕಾಲೇಜಿನ, ಕೆಲವೊಮ್ಮೆ ಇಡೀ ವಿಶ್ವವಿದ್ಯಾಲಯದ, ಖಾತೆಯಿರುವ ಪ್ರತಿಯೊಬ್ಬರೂ.

ಹಾಗಿದ್ದರೂ ಉಣಗೋಲು ತೆಗೆದವರನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. ಕಾರಣ ಈ ನೆಲದಲ್ಲಿಯೇ ಇದೆ. ಊರಿನ ಸಭೆಗೆ ಹೋದ ಕಾರ್ಯಕರ್ತೆ ಗುಡ್ಡದ ನೆತ್ತಿಗೆ ಹತ್ತಿ, ಸಿಗ್ನಲ್ ಸಿಕ್ಕ ಎರಡು ನಿಮಿಷದಲ್ಲಿ ಕಡತ ತೆರೆಯಲು ನೋಡುತ್ತಾಳೆ. ‘ಅನುಮತಿ ಕೇಳಿ’ ಎಂದು ಬರುತ್ತದೆ. ಕೇಳುತ್ತಾಳೆ. ಒಡೆಯನಾದ ಹುಡುಗ ಇನ್ನೊಂದು ಕಣಿವೆಯಲ್ಲಿದ್ದಾನೆ. ಅವನ ಫೋನಿಗೆ ಸುದ್ದಿ ತಲುಪುವುದು ಸಂಜೆಗೆ. ಮನೆಯವರೆಲ್ಲ ಬಳಸುವ ಒಂದೇ ಫೋನಿನಲ್ಲಿ ಮಗನ ಖಾತೆಯೂ ಅಮ್ಮನ ಖಾತೆಯೂ ಇದ್ದು, ಅನುಮತಿ ಒಂದಕ್ಕೆ ಸಿಕ್ಕಿ ಕಡತ ಇನ್ನೊಂದರಲ್ಲಿ ತೆರೆದುಕೊಳ್ಳಲು ಹೆಣಗುವುದೂ ಉಂಟು. ಇಂಥ ಎರಡು ಸಲ ಆದಮೇಲೆ ಮೂರನೆಯ ಸಲ ಯಾರಾದರೂ ‘ಲಿಂಕ್ ಇದ್ದವರಿಗೆಲ್ಲ’ ಎಂದು ಮಾಡಿಬಿಡುತ್ತಾರೆ. ಆ ಕ್ಷಣಕ್ಕೆ ಅದು ಸರಿಯಾದ ನಿರ್ಧಾರವೇ ಆಗಿರಬಹುದು. ಸಭೆ ಮುಗಿದ ಮೇಲೆ ಮರಳಿ ಮುಚ್ಚಬೇಕೆಂಬ ನೆನಪು ಯಾರಿಗೂ ಇರುವುದಿಲ್ಲ, ಮತ್ತು ಮೂರು ವರ್ಷಗಳ ಹಿಂದಿನ ಕಡತಗಳು ಇಂದಿಗೂ ಹಾಗೆಯೇ ಬಾಯ್ತೆರೆದುಕೊಂಡಿರುತ್ತವೆ.

‘ಅಷ್ಟುದ್ದದ ಲಿಂಕನ್ನು ಯಾರು ಊಹಿಸಿಯಾರು’ ಎಂಬ ಸಮಾಧಾನವೂ ಕೇಳಿಬರುತ್ತದೆ. ಉದ್ದದ ಲಿಂಕನ್ನು ಊಹಿಸುವುದು ಕಷ್ಟವೆಂಬುದು ನಿಜ. ಗೂಗಲ್ 2021ರ ಸೆಪ್ಟೆಂಬರಿನಲ್ಲಿ ಹಲವು ಹಳೆಯ ಲಿಂಕುಗಳಿಗೆ ಇನ್ನೊಂದು ಗುಪ್ತಾಂಶವನ್ನು ಸೇರಿಸಿ ಇನ್ನಷ್ಟು ಬಿಗಿಮಾಡಿತು. ಆದರೆ ಲಿಂಕುಗಳನ್ನು ಚಿಕ್ಕದಾಗಿಸುವ ಸೇವೆಗಳ ಕಥೆ ಬೇರೆ. 2016ರಲ್ಲಿ ಅಮೆರಿಕದ ಕಾರ್ನೆಲ್ ಟೆಕ್‌ನ ಮಾರ್ಟಿನ್ ಜಾರ್ಜೀವ್ ಮತ್ತು ವಿಟಾಲಿ ಶ್ಮಾಟಿಕೋವ್ ಎಂಬ ಸಂಶೋಧಕರು ಆರೇ ಅಕ್ಷರಗಳ ಇಂಥ ಕಿರು ಲಿಂಕುಗಳನ್ನು ಯಂತ್ರದಿಂದ ಒಂದೊಂದಾಗಿ ತಟ್ಟಿ ನೋಡಿ, ಅಪರಿಚಿತರ ಒನ್‌ಡ್ರೈವ್ ಕಡತಗಳು ತೆರೆದುಕೊಳ್ಳುವುದನ್ನು ತೋರಿಸಿದರು. ಅವುಗಳಲ್ಲಿ ಕೆಲವು ಯಾರು ಬೇಕಾದರೂ ತಿದ್ದಬಹುದಾದ ಸ್ಥಿತಿಯಲ್ಲಿದ್ದವು. 2018ರ ಜುಲೈಯಲ್ಲಿ ರಷ್ಯಾದಲ್ಲಿ ನಡೆದುದು ಇನ್ನೂ ಸರಳ. ಅಲ್ಲಿನ ಯಾಂಡೆಕ್ಸ್ ಎಂಬ ಶೋಧಯಂತ್ರದಲ್ಲಿ ಹುಡುಕಿದವರಿಗೆ ಜನರ ಗೂಗಲ್ ಡಾಕ್ಸ್ ಕಡತಗಳು, ಪಾಸ್‌ವರ್ಡ್ ಬರೆದಿಟ್ಟುಕೊಂಡಿದ್ದವೂ ಸೇರಿ, ಸಾಲಾಗಿ ಕಾಣಿಸಿಕೊಂಡವು. ಯಾರೂ ಕನ್ನ ಹಾಕಿರಲಿಲ್ಲ. ಲಿಂಕ್ ಇದ್ದವರಿಗೆಲ್ಲ ತೆರೆದುಕೊಳ್ಳುವಂತೆ ಒಡೆಯರೇ ಬಿಟ್ಟಿದ್ದ ಕಡತಗಳವು. ಶೋಧಯಂತ್ರಕ್ಕೂ ಲಿಂಕ್ ಸಿಕ್ಕಿತ್ತು, ಅಷ್ಟೆ.

ಕಾಡಿನ ವಿಷಯಕ್ಕೆ ಬಂದರೆ ಇದರ ಪರಿಣಾಮ ಕಂಪ್ಯೂಟರಿನೊಳಗೆ ಮುಗಿಯುವುದಿಲ್ಲ. ಮಾಹಿತಿಯೂ ಮಾರುಕಟ್ಟೆಯೂ ಕೂಡಿದಾಗ ಏನಾಗುತ್ತದೆಂಬುದನ್ನು ಘಟ್ಟದ ಜನ 1990ರ ದಶಕದಲ್ಲಿ ಉಪ್ಪಾಗೆಯಲ್ಲಿ ಕಂಡಿದ್ದಾರೆ. ದೇಹದ ತೂಕ ಇಳಿಸುವ ಮದ್ದಿಗೆಂದು ಸಿಪ್ಪೆಗೆ ಬೆಲೆ ಏರಿದಾಗ ಹಣ್ಣು ಬಲಿಯುವವರೆಗೆ ಕಾಯುವ ತಾಳ್ಮೆ ಉಳಿಯಲಿಲ್ಲ. ಕೊಂಬೆಗಳೇ ನೆಲಕ್ಕೆ ಬಂದವು. ಅಪ್ಪೆಮಿಡಿಯಲ್ಲಿ ಇಂದಿಗೂ ಅದೇ ನಡೆಯುತ್ತಿದೆ. ಒಳ್ಳೆಯ ಪರಿಮಳದ, ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಗಟ್ಟಿಯಾಗಿ ಉಳಿಯುವ ಮಿಡಿಯ ಮರ ಎಲ್ಲಿದೆ ಎಂದು ತಿಳಿದರೆ, ಮಿಡಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಕೆಳಗಿಳಿಸುವವರು ಇದ್ದಾರೆ. ಹಿಂದೆ ಆ ಮರದ ಗುಟ್ಟು ನಾಲ್ಕು ಮನೆಗಳ ನಡುವೆ ಇರುತ್ತಿತ್ತು. ಈಗ ಅದೇ ಮರ, ಸಂರಕ್ಷಣೆಯ ಸದುದ್ದೇಶದಿಂದಲೇ, ಐದಾರು ದಶಮಾಂಶ ಸ್ಥಾನಗಳ ನಿಖರತೆಯೊಂದಿಗೆ ತೆರೆದ ಪಟ್ಟಿಯಲ್ಲಿ ಕುಳಿತಿದೆ. ಐದು ದಶಮಾಂಶ ಎಂದರೆ ಸುಮಾರು ಒಂದು ಮೀಟರ್. ರಾತ್ರಿ ಬಂದವನಿಗೆ ದಾರಿ ಕೇಳುವ ಅಗತ್ಯವೂ ಇಲ್ಲ.

ಇದು ಕೇವಲ ಊಹೆಯಲ್ಲ. ದಕ್ಷಿಣ ಚೀನಾದ ಗೋನಿಯುರೋಸಾರಸ್ ಲುಯಿ ಎಂಬ ಗುಹೆಹಲ್ಲಿಯನ್ನು 1999ರಲ್ಲಿ ವಿಜ್ಞಾನಿಗಳು ಮೊದಲ ಬಾರಿಗೆ ವಿವರಿಸಿ ಪ್ರಕಟಿಸಿದರು. ಸಾಕುಪ್ರಾಣಿ ವ್ಯಾಪಾರಿಗಳು ಆ ಬರಹದ ಜಾಡಿನಲ್ಲೇ ನಡೆದರು. ಮೊದಲು ಅದು ಸಿಕ್ಕ ಸ್ಥಳದಲ್ಲಿ ಅದು ಇಲ್ಲವಾಯಿತೆಂದು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಡೇವಿಡ್ ಲಿಂಡನ್‌ಮೇಯರ್ ಮತ್ತು ಬೆನ್ ಷೀಲ್, ಅಪರೂಪದ ಜೀವಿಗಳ ನೆಲೆಯನ್ನು ಪ್ರಕಟಿಸದಿರುವುದೇ ಲೇಸೆಂದು ವಾದಿಸಿದರು. ಐನ್ಯಾಚುರಲಿಸ್ಟ್ ಎಂಬ ಜಾಗತಿಕ ವೇದಿಕೆ ಅಪಾಯದಂಚಿನ ಜೀವಿಗಳ ಸ್ಥಾನವನ್ನು ಸಾರ್ವಜನಿಕರಿಗೆ ತೋರಿಸುವಾಗ ತಾನಾಗಿಯೇ ಮಸುಕು ಮಾಡುತ್ತದೆ: ಅಕ್ಷಾಂಶ ರೇಖಾಂಶಗಳೆರಡರಲ್ಲೂ 0.2 ಡಿಗ್ರಿಯ ಚೌಕದೊಳಗೆ ಎಲ್ಲಿಯೋ ಒಂದು ಬಿಂದು. ಸುಮಾರು 20 ಕಿಲೋಮೀಟರ್ ಅಗಲದ ಚೌಕವದು. ಹೊರದೇಶದ ಜಾಲತಾಣವೊಂದು ಘಟ್ಟದ ಗಿಡಕ್ಕೆ ತೋರುವ ಈ ಎಚ್ಚರವನ್ನು ಘಟ್ಟದ ಸಂಘಟನೆಯ ಸ್ಪ್ರೆಡ್‌ಶೀಟ್ ತೋರುವುದಿಲ್ಲವೆಂಬುದು ವಿಚಿತ್ರ.

ಜ್ಞಾನದ ವಿಷಯವೂ ಹಾಗೆಯೇ. 2002ರ ಜೈವಿಕ ವೈವಿಧ್ಯ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ಸಿದ್ಧಪಡಿಸಿ ಕಾಯಬೇಕು. ಅದರಲ್ಲಿ ಸಂಪನ್ಮೂಲದ ಪಟ್ಟಿಯಷ್ಟೇ ಅಲ್ಲ, ಔಷಧೀಯ ಬಳಕೆಯ ಪಾರಂಪರಿಕ ಜ್ಞಾನವೂ ಇರುತ್ತದೆ. ಅರಿಶಿನಕ್ಕೆ ಗಾಯ ಮಾಯಿಸುವ ಗುಣವಿದೆಯೆಂದು 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಡಲಾಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಪ್ರಕಟಣೆಗಳನ್ನೂ ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನು ರದ್ದುಪಡಿಸಿತು. ದಾಖಲೆ ಇದ್ದುದರಿಂದಲೇ ಗೆಲುವು ಸಾಧ್ಯವಾಯಿತು, ಆದ್ದರಿಂದ ದಾಖಲಿಸುವುದೇ ಬೇಡವೆನ್ನುವುದು ಪರಿಹಾರವಲ್ಲ. ಯಾರಿಗೆ, ಯಾವ ಷರತ್ತಿನ ಮೇಲೆ ತೋರಿಸಬೇಕೆಂಬ ನಿರ್ಧಾರ ಮದ್ದು ಹೇಳಿಕೊಟ್ಟ ಅಜ್ಜಿಯದೂ ಗ್ರಾಮಸಮಿತಿಯದೂ ಆಗಿರಬೇಕು. ಪದವಿ ಪ್ರಬಂಧದ ಗಡಿಬಿಡಿಯಲ್ಲಿ ಲಿಂಕ್ ತೆರೆದಿಟ್ಟ ವಿದ್ಯಾರ್ಥಿ ಆ ನಿರ್ಧಾರವನ್ನು ಅವರ ಪರವಾಗಿ, ಅವರಿಗೆ ತಿಳಿಸದೆ, ಮಾಡಿಬಿಡುತ್ತಾನೆ.

ಅರ್ಜಿದಾರರ ಗುರುತುಪತ್ರಗಳ ವಿಷಯದಲ್ಲಿ ಸರ್ಕಾರಗಳೇ ಒಳ್ಳೆಯ ಮಾದರಿಯಾಗಿಲ್ಲ. ಕೇಂದ್ರ ಮತ್ತು ರಾಜ್ಯಗಳ ಸುಮಾರು 210 ಸರ್ಕಾರಿ ಜಾಲತಾಣಗಳು ಫಲಾನುಭವಿಗಳ ಹೆಸರು, ವಿಳಾಸಗಳ ಜೊತೆ ಆಧಾರ್ ಸಂಖ್ಯೆಯನ್ನೂ ಪ್ರದರ್ಶಿಸಿದ್ದವೆಂದು 2017ರಲ್ಲಿ ಆಧಾರ್ ಪ್ರಾಧಿಕಾರವೇ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರವಾಗಿ ಒಪ್ಪಿಕೊಂಡಿತು. ಸರ್ಕಾರದ ಈ ಬೇಜವಾಬ್ದಾರಿಯನ್ನು ಟೀಕಿಸುವ ಸಂಘಟನೆಗಳ ಫೋಲ್ಡರುಗಳಲ್ಲಿ ಅದೇ ಆಧಾರ್ ಪ್ರತಿಗಳು ಲಿಂಕ್ ಇದ್ದವರಿಗೆಲ್ಲ ಕಾಣುವಂತೆ ಬಿದ್ದಿದ್ದರೆ ಟೀಕೆಯ ನೈತಿಕ ಬಲ ಎಲ್ಲಿ ಉಳಿಯುತ್ತದೆ? ಅರಣ್ಯ ಹಕ್ಕಿನ ಅರ್ಜಿಯಲ್ಲಿ ಯಾರು ಎಷ್ಟು ಗುಂಟೆ ಎಂದಿನಿಂದ ಸಾಗುವಳಿ ಮಾಡುತ್ತಿದ್ದಾರೆ ಎಂಬುದಿರುತ್ತದೆ. ಹಕ್ಕು ಸಿಗುವ ಮೊದಲೇ ಅದು ನೆರೆಯ ವ್ಯಾಜ್ಯಗಾರನಿಗೋ ಜಾಗದ ದಲ್ಲಾಳಿಗೋ ಸಿಕ್ಕರೆ ಆ ಕುಟುಂಬಕ್ಕೆ ಆಗುವ ಹಾನಿಗೆ ಯಾವ ಮರುಪರಿಶೀಲನಾ ಅರ್ಜಿಯೂ ಇಲ್ಲ.

ಎಲ್ಲವನ್ನೂ ಬೀಗ ಹಾಕಿ ಇಡಬೇಕೆಂದು ಇದರ ಅರ್ಥವಲ್ಲ. ಪರಿಸರ ಚಳವಳಿ ಬೆಳೆದದ್ದೇ ಮುಚ್ಚಿದ ಕಡತಗಳನ್ನು ತೆರೆಸುವುದರಿಂದ. ಪರಿಸರ ಪರಿಣಾಮ ವರದಿ ಜನರ ಕೈಗೆ ಸಿಗಬೇಕು, ಅಹವಾಲು ಸಭೆಗೆ ಮೊದಲೇ ಸಿಗಬೇಕು ಎಂದು ಹೋರಾಡಿದವರೇ ಎಲ್ಲವನ್ನೂ ಬಚ್ಚಿಡಲು ಹೊರಟರೆ ಅದು ವಿಪರ್ಯಾಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಖಾಸಗಿತನದ ಹೆಸರಿನಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಪ್ರಕರಣವನ್ನು ತಿದ್ದಿದ್ದನ್ನು ಮಾಹಿತಿ ಹಕ್ಕಿನ ಕಾರ್ಯಕರ್ತರು ವಿರೋಧಿಸಿದ್ದು ಸರಿಯಾಗಿಯೇ ಇದೆ. ಅಧಿಕಾರದ ಕಡತ ತೆರೆದಿರಬೇಕು, ಬಡವರ ಮನೆಯ ಕಾಗದ ಮುಚ್ಚಿರಬೇಕು. ಈ ವಿವೇಚನೆ ಕಾಯ್ದೆಗೂ ಬೇಕು, ಸಂಘಟನೆಗೂ ಬೇಕು. ಮಾದರಿ ಅರ್ಜಿಗಳು, ಕಾಯ್ದೆಯ ಕನ್ನಡ ಪಾಠ, ಮಳೆಯ ಲೆಕ್ಕ, ಯೋಜನೆಗಳ ನಕ್ಷೆ, ಪ್ರಕಟವಾದ ಸಸ್ಯಪಟ್ಟಿ ಇವೆಲ್ಲ ಲಿಂಕ್ ಇದ್ದವರಿಗೆಲ್ಲ ಸಿಗಲಿ, ಓದುವ ಅನುಮತಿಯಷ್ಟರಲ್ಲಿ. ಕೆಲವು ಸಂಗತಿಗಳನ್ನು ಮುಚ್ಚಿಡುವುದು ಸಾಧ್ಯವೂ ಇಲ್ಲ: ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಿಂದ 2000ದಲ್ಲಿ ವರ್ಣಿಸಲಾದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ತನ್ನ ಹೆಸರಿನಲ್ಲಿಯೇ ವಿಳಾಸ ಹೊತ್ತಿದೆ.

ಮುಚ್ಚಬೇಕಾದುದನ್ನು ಮುಚ್ಚುವಾಗ ಜಾರುವ ಜಾಗಗಳು ಕೆಲವಿವೆ. ಫೋಲ್ಡರಿನ ಅನುಮತಿ ಒಳಗಿನ ಕಡತಗಳಿಗೆಲ್ಲ ಇಳಿಯುತ್ತದೆ. ತೆರೆದ ಫೋಲ್ಡರಿಗೆ ನಾಳೆ ಯಾರೋ ಹಾಕುವ ಆಧಾರ್ ಪ್ರತಿಯೂ ಹಾಕಿದ ಕ್ಷಣದಿಂದಲೇ ತೆರೆದದ್ದು. ಸ್ಪ್ರೆಡ್‌ಶೀಟಿನಲ್ಲಿ ಸ್ಥಳಸೂಚಿಯ ಹಾಳೆಯನ್ನು ಮರೆಮಾಡಿ ಉಳಿದುದನ್ನು ಹಂಚುವವರಿದ್ದಾರೆ. ಓದುವ ಅನುಮತಿಯಿದ್ದವರು ಅದರ ಪ್ರತಿ ಮಾಡಿಕೊಂಡರೆ ಮರೆಯಲ್ಲಿದ್ದ ಹಾಳೆ ಅವರ ಪ್ರತಿಯಲ್ಲಿ ಹೊರಬರುತ್ತದೆ. ಆದ್ದರಿಂದ ಸ್ಥಳಸೂಚಿಗೆ ಬೇರೆಯದೇ ಕಡತ ಬೇಕು. ಫೋನಿನಲ್ಲಿ ತೆಗೆದ ಚಿತ್ರದೊಳಗೆ, ಸ್ಥಳ ಗುರುತಿಸುವ ಸೌಲಭ್ಯ ಚಾಲನೆಯಲ್ಲಿದ್ದರೆ, ಅಕ್ಷಾಂಶ ರೇಖಾಂಶ ಅಡಗಿರುತ್ತವೆ, ಡ್ರೈವ್‌ಗೆ ಏರಿಸಿದ ಮೂಲಚಿತ್ರದಲ್ಲೂ ಅವು ಉಳಿಯುತ್ತವೆ. ಪಟ್ಟಿಯಲ್ಲಿ ಗುಟ್ಟು ಕಾಯ್ದು ಚಿತ್ರದಲ್ಲಿ ಬಿಟ್ಟುಕೊಟ್ಟಂತಾಗುತ್ತದೆ.

ತೆರೆದ ಕಡತವನ್ನು ಖಾತೆಯಿಲ್ಲದೆ ನೋಡಲು ಬಂದವರನ್ನು ಗೂಗಲ್ ‘ಅನಾಮಿಕ’ ಪ್ರಾಣಿಗಳ ಹೆಸರಿನಿಂದ ತೋರಿಸುತ್ತದೆ. ಕ್ಯಾಪಿಬಾರ ಬರುತ್ತದೆ, ಎಂದೋ ನಿರ್ವಂಶವಾದ ಕ್ವಾಗಾ ಕೂಡ ಬರುತ್ತದೆ. ಅಪರೂಪದ ಗಿಡಗಳ ಪಟ್ಟಿಯನ್ನು ಕ್ವಾಗಾ ಒಂದು ಕುಳಿತು ಓದುವುದು ತಮಾಷೆಯಾಗಿ ಕಾಣಬಹುದು. ಆ ವೇಷದ ಹಿಂದೆ ಯಾರಿದ್ದಾರೆಂದು ಒಡೆಯರಿಗೆ ಎಂದೂ ತಿಳಿಯುವುದಿಲ್ಲ.

ಪರೀಕ್ಷಿಸುವುದು ಸುಲಭ. ಯಾವ ಖಾತೆಯೂ ತೆರೆದಿರದ ಫೋನಿನಲ್ಲಿ, ಇಲ್ಲವೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಲಿಂಕನ್ನು ಅಂಟಿಸಿ ನೋಡಬೇಕು. ತೆರೆದುಕೊಂಡರೆ ಅದು ಜಗತ್ತಿಗೆ ತೆರೆದಿದೆ. ಮುಚ್ಚಿದ ಮೇಲೆಯೂ ಈಗಾಗಲೇ ಇಳಿಸಿಕೊಂಡವರ ಪ್ರತಿಗಳು ಅವರಲ್ಲೇ ಉಳಿಯುತ್ತವೆ ಎಂಬುದನ್ನು ಮರೆಯಬಾರದು. ಸಿಗ್ನಲ್ಲಿನ ತಾಪತ್ರಯಕ್ಕೆ ಉತ್ತಮ ಉಪಾಯ ಗುಂಪಿನ ವಿಳಾಸ. ಗೂಗಲ್ ಗ್ರೂಪ್ಸ್‌ನಲ್ಲಿ ಸಂಘಟನೆಯ ಕಾರ್ಯಕರ್ತರದೊಂದು ಗುಂಪು ಮಾಡಿ, ಕಡತದ ಅನುಮತಿಯನ್ನು ಆ ಗುಂಪಿನ ಇ-ಮೇಲಿಗೆ ಒಮ್ಮೆ ಕೊಟ್ಟರೆ ಸಾಕು. ಹೊಸಬರು ಬಂದಾಗ ಗುಂಪಿಗೆ ಸೇರಿಸುವುದು, ಬಿಟ್ಟುಹೋದವರನ್ನು ಗುಂಪಿನಿಂದ ತೆಗೆಯುವುದು. ನೂರು ಕಡತಗಳನ್ನು ತಡಕಬೇಕಿಲ್ಲ. ಸಭೆಗೆ ಹೋಗುವವರು ಹಿಂದಿನ ರಾತ್ರಿಯೇ ಕಡತವನ್ನು ಫೋನಿನಲ್ಲಿ ಜಾಲವಿಲ್ಲದೆಯೂ ತೆರೆಯುವಂತೆ ಉಳಿಸಿಕೊಂಡರೆ ಗುಡ್ಡ ಹತ್ತುವ ಕೆಲಸವೂ ತಪ್ಪುತ್ತದೆ.

ಉಳಿದದ್ದು ಒಡೆತನದ ಪ್ರಶ್ನೆ, ಮತ್ತು ಇದು ಎಲ್ಲಕ್ಕಿಂತ ತುರ್ತಿನದು. ಹೆಚ್ಚಿನ ಸಂಘಟನೆಗಳ ಕಡತಗಳು ಯಾವುದೋ ಉತ್ಸಾಹಿ ವಿದ್ಯಾರ್ಥಿಯ ಖಾಸಗಿ ಜಿಮೇಲ್ ಖಾತೆಯಲ್ಲಿ ಹುಟ್ಟಿವೆ. ವಿದ್ಯಾರ್ಥಿ ಪದವಿ ಮುಗಿಸಿ ಬೆಂಗಳೂರಿಗೆ ಹೋಗುತ್ತಾನೆ, ಕೆಲಸ ಹಿಡಿಯುತ್ತಾನೆ, ಹಳೆಯ ಖಾತೆ ಮರೆತುಹೋಗುತ್ತದೆ. ಎರಡು ವರ್ಷ ಬಳಸದ ಖಾಸಗಿ ಖಾತೆಗಳನ್ನು ಒಳಗಿರುವುದೆಲ್ಲದರ ಸಹಿತ ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಐದು ಮಳೆಗಾಲ ಕಾಡು ತಿರುಗಿ ಮಾಡಿದ ಪಟ್ಟಿ ಯಾವ ಗೆದ್ದಲೂ ಇಲ್ಲದೆ ಮಾಯವಾಗಲು ಇಷ್ಟು ಸಾಕು. ಸಂಸ್ಥೆಗಳಿಗೆಂದು ಇರುವ ‘ಶೇರ್ಡ್ ಡ್ರೈವ್’ನಲ್ಲಿ ಕಡತ ವ್ಯಕ್ತಿಯದಾಗಿರದೆ ಸಂಸ್ಥೆಯದಾಗಿರುತ್ತದೆ. ಅದಿಲ್ಲದವರು ಪ್ರತಿ ಕಡತದ ಒಡೆತನವನ್ನು ಸಂಘಟನೆಯ ಹೆಸರಿನ ಒಂದು ಖಾತೆಗೆ ವರ್ಗಾಯಿಸಬೇಕು. ವರ್ಗಾಯಿಸಿದರಷ್ಟೇ ಸಾಲದು, ಆ ಕಡೆಯವರು ಬಂದ ಕೋರಿಕೆಯನ್ನು ಒಪ್ಪಿಕೊಂಡಾಗಲೇ ಒಡೆತನ ಬದಲಾಗುತ್ತದೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿ ಊರು ಬಿಡುವ ಮುನ್ನ, ಸಂಘಟನೆಯ ಹಿರಿಯರೊಬ್ಬರ ಎದುರು ಕುಳಿತು, ಎರಡೂ ಖಾತೆಗಳನ್ನು ಪಕ್ಕಪಕ್ಕದಲ್ಲಿ ತೆರೆದು ಈ ಕೆಲಸ ಮುಗಿಸಲು ಒಂದು ಮಧ್ಯಾಹ್ನ ಸಾಕಾಗುತ್ತದೆ. ಆಧಾರ್ ಪ್ರತಿಗಳ ಫೋಲ್ಡರ್ ಮೊದಲು, ಅಪ್ಪೆಮಿಡಿಯ ಪಟ್ಟಿ ಆಮೇಲೆ.